ಜೇಬಿಲ್ಲದವರಿಗೆ ಜೇಬು ಕ್ಯಾಮರಾ

ಇದಕ್ಕೆ ಜೇಬು ಕ್ಯಾಮರಾ ಎಂದು ಹೆಸರು. ಯಾರ ಜೇಬು ಎಂದು ಮೊದಲು ಕೇಳಬೇಕಲ್ಲವೆ? ನಮ್ಮ ಸೀರೆಗೆ ಜೇಬಿಲ್ಲ. ಚೂಡಿದಾರ ಹೊಲಿಯುವವರನ್ನು ಎರಡು ಸಲ ಗೋಗರೆದರೆ ಪಕ್ಕದಲ್ಲಿ ಒಂದು ಪುಟ್ಟ ಜೇಬು ಇಟ್ಟುಕೊಡುತ್ತಾರೆ. ಅದರಲ್ಲಿ ಬೀಗದ ಕೈ, ನಾಲ್ಕು ನಾಣ್ಯ ಹಿಡಿದರೆ ಪುಣ್ಯ. ಇಂಥ ಯಂತ್ರಗಳನ್ನು ಮಾಡುವವರು ಗಂಡಸಿನ ಅಂಗಿಯನ್ನೇ ಕಣ್ಣೆದುರಿಗಿಟ್ಟುಕೊಂಡು ಅಳತೆ ತೆಗೆಯುತ್ತಾರೆಂದು ಕಾಣುತ್ತದೆ. ಆ ಅಳತೆಯೂ ಎಷ್ಟೋ ಸಲ ಸುಳ್ಳೇ. ಜಪಾನಿನ ಸೋನಿ ಕಂಪೆನಿ 1957ರಲ್ಲಿ ಜೇಬು ರೇಡಿಯೋ ತಂದಾಗ ಅದು ಸಾಮಾನ್ಯ ಅಂಗಿಯ ಜೇಬಿಗಿಂತ ತುಸು ದೊಡ್ಡದಾಗಿತ್ತಂತೆ. ರೇಡಿಯೋವನ್ನು ಚಿಕ್ಕದು ಮಾಡುವ ಬದಲು ಮಾರಾಟಕ್ಕೆ ಹೋಗುವವರಿಗೆ ದೊಡ್ಡ ಜೇಬಿನ ಅಂಗಿ ಹೊಲಿಸಿಕೊಟ್ಟರು. ಕಂಪೆನಿ ಕಟ್ಟಿದ ಅಕಿಯೋ ಮೊರಿಟಾ ಅವರೇ ಇದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1989ರಲ್ಲಿ ಅದೇ ಕಂಪೆನಿಯ ಒಂದು ಹ್ಯಾಂಡಿಕ್ಯಾಮ್ ಬಂತು. ಅದು ಪಾಸ್‌ಪೋರ್ಟ್ ಗಾತ್ರದ್ದೆಂದು ಪ್ರಚಾರವಾಯಿತು. ತೂಕ ಎಷ್ಟು ಗೊತ್ತೆ? 790 ಗ್ರಾಂ. ಮುಕ್ಕಾಲು ಕೆ.ಜಿ.ಗೂ ಮೇಲಿನ ಪಾಸ್‌ಪೋರ್ಟು!

ಆದ್ದರಿಂದ ನಾನು ಜೇಬಿನ ಲೆಕ್ಕ ಬಿಟ್ಟು ನನ್ನ ವ್ಯಾನಿಟಿ ಬ್ಯಾಗಿನ ಲೆಕ್ಕದಲ್ಲೇ ಮಾತಾಡುತ್ತೇನೆ. ಅದರೊಳಗೆ ಕನ್ನಡಕದ ಪೆಟ್ಟಿಗೆ, ಕೆಂಪು ಶಾಯಿಯ ಪೆನ್ನು, ತಲೆನೋವಿನ ಮಾತ್ರೆ, ಒಂದು ಕರ್ಚೀಫು, ಯಾವುದೋ ಮಗುವಿನಿಂದ ಕಿತ್ತುಕೊಂಡ ಬುಗುರಿ ಎಲ್ಲ ಇರುತ್ತವೆ. ಇವುಗಳ ನಡುವೆ ಒಂದೂಕಾಲು ವರ್ಷದಿಂದ ಮಗಳು ತಂದುಕೊಟ್ಟ ಒಂದು ಪುಟ್ಟ ವಿಡಿಯೋ ಕ್ಯಾಮರಾ ಸೇರಿಕೊಂಡಿದೆ. ಚೀನಾದ ಡಿಜೆಐ ಎಂಬ ಕಂಪೆನಿಯದು. ಹೆಸರು ಓಸ್ಮೋ ಪಾಕೆಟ್ 3. 2023ರ ಅಕ್ಟೋಬರಿನಲ್ಲಿ ಬಿಡುಗಡೆಯಾದಾಗ ಅಮೆರಿಕದಲ್ಲಿ ಅದರ ಬೆಲೆ 519 ಡಾಲರು. ತೂಕ 179 ಗ್ರಾಂ, ಒಂದು ಮಧ್ಯಮ ಮಾವಿನಕಾಯಿಯಷ್ಟು. ಉದ್ದ ಒಂದು ಗೇಣಿಗೂ ಕಡಿಮೆ. ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿ ತೆಪ್ಪಗೆ ಮಲಗುತ್ತದೆ. ಗಾತ್ರದ ಮಟ್ಟಿಗೆ ಇದಕ್ಕೆ ಪೂರ್ತಿ ಅಂಕ ಕೊಟ್ಟಾಯಿತು.

ಇನ್ನು ಉಳಿದ ಅಂಕಗಳ ಮಾತು. ದಿನನಿತ್ಯದ ಬದುಕನ್ನು ಸುಮ್ಮನೆ ಹಿಡಿದಿಡುವುದಕ್ಕೆ ಇಂಥದೊಂದು ಯಂತ್ರ ಬೇಕೆ, ಕೈಯಲ್ಲಿರುವ ಫೋನು ಸಾಲದೆ ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಉತ್ತರ ಹೇಳುವ ಮುಂಚೆ ನಾನು ಯಾವ ತಕ್ಕಡಿಯಲ್ಲಿ ಇದನ್ನು ತೂಗುತ್ತಿದ್ದೇನೆಂದು ಹೇಳಿಬಿಡಬೇಕು. ಆ ತಕ್ಕಡಿ ನನ್ನ ಮದುವೆಯ ಕ್ಯಾಸೆಟ್ಟು.

ನಮ್ಮ ಮದುವೆ ಆದದ್ದು 1995ರಲ್ಲಿ. ಆ ಕಾಲದ ಮದುವೆ ವಿಡಿಯೋ ನಿಮಗೂ ನೆನಪಿರಬೇಕು. ಹೆಗಲ ಮೇಲೆ ಕೂತ ಕ್ಯಾಮರಾ, ಹಿಂದೆ ಹಾವಿನಂತೆ ಹರಿಯುವ ವೈರು, ಅದನ್ನು ಎತ್ತಿ ಹಿಡಿದು ದಾರಿ ಬಿಡಿಸುವ ಒಬ್ಬ ಹುಡುಗ, ಕಣ್ಣು ಕುಕ್ಕುವ ದೀಪ. ಆ ದೀಪ ಯಾರ ಮೇಲೆ ಬಿತ್ತೋ ಅವರು ತಕ್ಷಣ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ತಿನ್ನುತ್ತಿದ್ದ ಹೋಳಿಗೆಯನ್ನು ಬಾಯಲ್ಲೇ ನಿಲ್ಲಿಸಿಬಿಡುತ್ತಿದ್ದರು. ಆಮೇಲೆ ಎಡಿಟಿಂಗ್ ಎಂಬ ಸಿಂಗಾರ. ಹೃದಯದ ಆಕಾರದೊಳಗಿಂದ ಗಂಡು ಹೆಣ್ಣು ಇಣುಕುವುದು, ಎಲ್ಲಿಯದೋ ಗುಲಾಬಿ ಹೂವಿನ ಮೇಲೆ ನಮ್ಮ ಮುಖ ತೇಲುವುದು, ಮೂರು ಗಂಟೆಯುದ್ದಕ್ಕೂ ಸಿನಿಮಾ ಹಾಡು. ಆ ಕ್ಯಾಸೆಟ್ಟಿಗೆ ಬೂಷ್ಟು ಬರುವ ಮೊದಲೇ ಸಿ.ಡಿ.ಗೆ ಹಾಕಿಸಿಕೊಂಡಿದ್ದರಿಂದ ಉಳಿಯಿತು. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪೆನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. ನಿಮ್ಮ ಬೀರುವಿನಲ್ಲಿ ಇನ್ನೂ ಕ್ಯಾಸೆಟ್ಟು ಮಲಗಿದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಮೊದಲು ಅದನ್ನು ಹಾಕಿಸಿಕೊಂಡು ಬನ್ನಿ.

ಆ ಮೂರು ಗಂಟೆಯಲ್ಲಿ ನಮ್ಮ ಅವ್ವ ಇರುವುದು ಹನ್ನೊಂದು ಸೆಕೆಂಡು. ಎಣಿಸಿದ್ದೇನೆ. ಅಡುಗೆ ಕೋಣೆಯ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಯಾರಿಗೋ ಏನೋ ಹೇಳಿ ಒಳಗೆ ಹೋಗುತ್ತಾಳೆ. ಏನು ಹೇಳಿದಳೋ ಕೇಳಿಸುವುದಿಲ್ಲ, ಮೇಲೆ ಹಾಡು ಓಡುತ್ತಿದೆ. 2009ರಲ್ಲಿ ಅವ್ವ ತೀರಿಕೊಂಡ ಮೇಲೆ ಅವಳು ಓಡಾಡುವ ಚಿತ್ರ ನಮ್ಮಲ್ಲಿ ಉಳಿದಿರುವುದು ಅಷ್ಟೇ. ಧ್ವನಿ ಇಲ್ಲವೇ ಇಲ್ಲ. ವಿಡಿಯೋದವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರಿಗೆ ಮಂಟಪ ಹಿಡಿಯಲು ಹೇಳಿತ್ತು, ಮಂಟಪ ಹಿಡಿದರು. ಆ ವೈರು ಒಲೆಯ ತನಕ ಎಟಕುತ್ತಲೂ ಇರಲಿಲ್ಲ.

ಆದ್ದರಿಂದ ಯಾವ ಕ್ಯಾಮರಾ ಬಂದರೂ ನಾನು ಕೇಳುವುದು ಎರಡೇ ಪ್ರಶ್ನೆ. ಕೆಲಸದಲ್ಲಿರುವ ಹೆಂಗಸು ಕೆಲಸ ಬಿಟ್ಟು ಏಳದಂತೆ ಅವಳನ್ನು ಹಿಡಿಯಬಲ್ಲದೆ? ಅವಳ ಮಾತು ಕೇಳಿಸುತ್ತದೆಯೆ? ಬಣ್ಣ, ಹೊಳಪು, 4ಕೆ, ಐದುಕೆ ಎಲ್ಲ ಆಮೇಲೆ.

ಮನೆಯಲ್ಲಿ ಪರೀಕ್ಷೆಗೆ ಸಿಕ್ಕವರು ನಮ್ಮತ್ತೆ. ಎಂಬತ್ತನಾಲ್ಕು ದಾಟಿದೆ. ಕಣ್ಣು ಸ್ವಲ್ಪ ಮಂಜು, ಕಿವಿ ಚುರುಕು, ಕೈ ಇನ್ನೂ ಚುರುಕು. ಈ ಕ್ಯಾಮರಾದ ತಲೆ ಒಂದು ಕತ್ತಿನ ಮೇಲೆ ಕೂತಿದೆ. ಆ ಕತ್ತಿನಲ್ಲಿ ಮೂರು ಪುಟ್ಟ ಮೋಟಾರುಗಳು. ನಾವು ಕೈ ಹೇಗೆ ಅಲ್ಲಾಡಿಸಿದರೂ ತಲೆ ಮಾತ್ರ ಸಮವಾಗಿ ನಿಲ್ಲುವಂತೆ ಅವು ನೋಡಿಕೊಳ್ಳುತ್ತವೆ. ಮೊದಲ ದಿನ ಚಾಲೂ ಮಾಡಿದಾಗ ಅದು ತಲೆಯೆತ್ತಿ ಎಡಕ್ಕೂ ಬಲಕ್ಕೂ ನೋಡಿತು. ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು. “ಏನಮ್ಮಿ ಅದು, ಓತಿಕ್ಯಾತ ಕತ್ತು ಆಡ್ಸ್ದಂಗೆ ಆಡ್ಸ್ತೈತೆ?” ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಓತಿಕ್ಯಾತ. ಕಂಪೆನಿಯವರು ಇಟ್ಟ ಹೆಸರಿಗಿಂತ ಇದೇ ಒಪ್ಪುತ್ತದೆ.

ಈ ಕತ್ತಿನ ಗುಣ ದೊಡ್ಡದು, ಆದರೆ ಜಾಹೀರಾತು ಹೇಳುವಷ್ಟಿಲ್ಲ. ಸಂಜೆ ದೊಡ್ಡಕೆರೆಯ ಏರಿಯ ಮೇಲೆ ಹಿಡಿದುಕೊಂಡು ನಡೆದು ನೋಡಿದೆ. ನೀರು, ಆಚೆ ದಡದ ತೆಂಗಿನ ಸಾಲು, ಎದುರು ಬರುವ ಸೈಕಲ್ಲು ಎಲ್ಲ ನುಣುಪಾಗಿ ಬಂದವು, ಆದರೆ ಹೆಜ್ಜೆಹೆಜ್ಜೆಗೂ ಚಿತ್ರ ಮೇಲೆ ಕೆಳಗೆ ಕುಣಿಯುತ್ತಿತ್ತು. ಯೋಚಿಸಿದರೆ ಕಾರಣ ಸುಲಭ. ತಲೆಯ ಮೇಲೆ ಬಿಂದಿಗೆ ಹೊತ್ತು ನಡೆಯುವ ಹೆಂಗಸು ನೀರು ತುಳುಕದಂತೆ ಎರಡು ಕೆಲಸ ಮಾಡುತ್ತಾಳೆ. ಕತ್ತನ್ನು ಬಾಗದಂತೆ ನಿಲ್ಲಿಸುವುದು ಒಂದು, ಮಂಡಿಯನ್ನು ಸಡಿಲ ಬಿಟ್ಟು ಹೆಜ್ಜೆಯ ಕುಲುಕನ್ನು ನುಂಗುವುದು ಇನ್ನೊಂದು. ಯಂತ್ರ ಮಾಡುವುದು ಕತ್ತಿನ ಕೆಲಸ ಮಾತ್ರ. ಮಂಡಿಯ ಕೆಲಸ ನಮ್ಮದೇ. ಬಿಂದಿಗೆ ಹೊತ್ತವರ ಹಾಗೆ ನಡೆದರೆ ಕುಣಿತ ನಿಂತಿತು. ಏರಿಯ ಮೇಲೆ ಗಾಳಿಯೂ ಜೋರು. ಮೂರು ಮೈಕುಗಳಿದ್ದರೂ ಗಾಳಿಯ ಬುಸ್ಸೆನ್ನುವ ಶಬ್ದದಲ್ಲಿ ಪಕ್ಕದವರ ಮಾತು ಅರ್ಧ ಮುಳುಗಿಹೋಯಿತು.

ಅಡುಗೆ ಮನೆಗೆ ಬರೋಣ. ಪರೀಕ್ಷೆಯ ಮುಖ್ಯ ಪ್ರಶ್ನೆ ಇಲ್ಲಿದೆ.

ಇದಕ್ಕೆ ಒಂದು ವಿದ್ಯೆ ಕಲಿಸಿ ಕಳಿಸಿದ್ದಾರೆ. ಪರದೆಯ ಮೇಲೆ ಒಂದು ಮುಖವನ್ನು ಎರಡು ಸಲ ಮುಟ್ಟಿ ತೋರಿಸಿದರೆ ಸಾಕು, ಆ ಮುಖ ಎಲ್ಲಿ ಹೋದರೂ ಓತಿಕ್ಯಾತ ಕತ್ತು ತಿರುಗಿಸಿ ಹಿಂಬಾಲಿಸುತ್ತದೆ. ಒಬ್ಬರೇ ಊರೂರು ತಿರುಗುತ್ತ ತಮ್ಮನ್ನು ತಾವೇ ಚಿತ್ರಿಸಿಕೊಳ್ಳುವ ಹುಡುಗ ಹುಡುಗಿಯರಿಗೆ ಇದು ವರ. ನಾನು ಅತ್ತೆ ಮುದ್ದೆ ತಿರುವುವುದನ್ನು ಹಿಡಿಯಲು ಈ ವಿದ್ಯೆಯನ್ನೇ ನಂಬಿ ಕ್ಯಾಮರಾವನ್ನು ಎದುರಿಗಿಟ್ಟೆ. ಎಸರು ಮರಳಿತು, ಹಿಟ್ಟು ಬಿತ್ತು, ಅತ್ತೆ ಕೋಲು ಹಿಡಿದರು. ರಾತ್ರಿ ಕೂತು ನೋಡಿದರೆ ಉದ್ದಕ್ಕೂ ಅತ್ತೆಯ ಮುಖ. ಬಾಗಿದರೆ ಬಾಗಿದ ಮುಖ, ಎದ್ದರೆ ಎದ್ದ ಮುಖ, ಹೊಗೆಯಲ್ಲಿ ಕಣ್ಣು ಕಿರಿದು ಮಾಡಿದ ಮುಖ. ಚೆನ್ನಾಗಿಯೇ ಇದೆ. ಆದರೆ ಮುದ್ದೆ ಎಲ್ಲಿ? ಕೋಲು ಒತ್ತುವ ಕೈ ಎಲ್ಲಿ? ಹಿಟ್ಟು ಬೆಂದಿದೆಯೋ ಇಲ್ಲವೋ ಎಂದು ಒದ್ದೆ ಬೆರಳಲ್ಲಿ ಮುಟ್ಟಿ, ಅಂಟದಿದ್ದರೆ ಸರಿ ಎಂದು ತಲೆಯಾಡಿಸುತ್ತಾರಲ್ಲ, ಆ ಬೆರಳು ಚೌಕಟ್ಟಿನ ಕೆಳಗೆ ಎಲ್ಲೋ ಕಳೆದುಹೋಗಿದೆ. ತಲೆಯಾಡಿಸಿದ್ದು ಮಾತ್ರ ಬಂದಿದೆ.

ಈ ಯಂತ್ರಕ್ಕೆ ಮನುಷ್ಯರೆಂದರೆ ಮುಖ. ನಮ್ಮ ಮನೆಗಳ ಕೆಲಸವೆಲ್ಲ ಕೈಯಲ್ಲಿ. ಅಕ್ಕಿ ಕೇರುವುದು, ಹೂ ಕಟ್ಟುವುದು, ರಂಗೋಲಿ ಎಳೆಯುವುದು, ಮಗುವಿನ ತಲೆ ಬಾಚುವುದು, ಇವುಗಳಲ್ಲಿ ಮುಖಕ್ಕೆ ಏನು ಕೆಲಸ? ಕೈಯನ್ನೇ ಮುಟ್ಟಿ ತೋರಿಸಿ ಹಿಂಬಾಲಿಸಲು ಹೇಳಬಹುದು, ಹೇಳಿ ನೋಡಿದೆ. ಬಳೆ ತೊಟ್ಟ ಕೈ ಹಿಟ್ಟಿನಲ್ಲಿ ಮುಳುಗಿ ಎದ್ದು ಬರುವಷ್ಟರಲ್ಲಿ ಅದಕ್ಕೆ ಗುರುತು ತಪ್ಪಿ ಪಾತ್ರೆಯನ್ನೋ ಕೋಲನ್ನೋ ನೋಡುತ್ತ ನಿಲ್ಲುತ್ತದೆ. ಕೊನೆಗೆ ನಾನು ಹಿಂಬಾಲಿಸುವ ವಿದ್ಯೆಯನ್ನೇ ಆರಿಸಿ, ಜೊತೆಯಲ್ಲಿ ಬಂದ ಮೂರು ಕಾಲಿನ ಪುಟ್ಟ ಸ್ಟ್ಯಾಂಡಿಗೆ ಹಾಕಿ, ಬೇಳೆ ಡಬ್ಬಿಗಳ ಸಾಲಿನಲ್ಲಿ ಕೈಯ ಎತ್ತರಕ್ಕೆ ಕೂರಿಸಿದೆ. ಲೆನ್ಸು ಅಗಲಕ್ಕೆ ನೋಡುವಂಥದು, ನಮ್ಮ ಇಕ್ಕಟ್ಟಿನ ಅಡುಗೆ ಮನೆ ಒಲೆಯಿಂದ ಬಚ್ಚಲಿನ ತನಕ ಹಿಡಿಯಿತು. ಮಬ್ಬು ಬೆಳಕಲ್ಲಿ ಚಿತ್ರ ತೆಗೆಯುವ ಶಕ್ತಿ ಇದಕ್ಕೆ ನಿಜವಾಗಿ ಇದೆ. ಒಳಗಿನ ಸೆನ್ಸರು ಒಂದಿಂಚಿನ ದರ್ಜೆಯದು, ಸಾಮಾನ್ಯ ಫೋನುಗಳಲ್ಲಿರುವುದಕ್ಕಿಂತ ದೊಡ್ಡದು. ಮಸಿ ಹಿಡಿದ ಗೋಡೆಯ ಮುಂದೆ ರಾಗಿ ಮುದ್ದೆಯ ಬಣ್ಣ ಬೇರೆ, ಬಾಣಲೆಯ ಬಣ್ಣ ಬೇರೆ ಎಂದು ಕಾಣಿಸಿದ್ದು ಇದರಲ್ಲೇ. ಮದುವೆಯ ದಿನ ಆ ದೀಪದ ಹುಡುಗನಿಲ್ಲದೆ ಯಾವುದು ಸಾಧ್ಯವಿರಲಿಲ್ಲವೋ ಅದು ಇಲ್ಲಿ ಯಾರಿಗೂ ಹೇಳದೆ ಕೇಳದೆ ಆಗಿಹೋಗುತ್ತದೆ.

ಒಂದು ಸಣ್ಣ ಮಾತು. ಎಲ್.ಇ.ಡಿ. ಬಲ್ಬಿನ ಕೆಳಗೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಓಡಿದರೆ ಯಂತ್ರ ಕೆಟ್ಟಿದೆಯೆಂದು ಗಾಬರಿಯಾಗಬೇಡಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಸೆಕೆಂಡಿಗೆ 30 ಚಿತ್ರ ಎಂದಿರುವುದನ್ನು 25ಕ್ಕೆ ಬದಲಾಯಿಸಿದರೆ ಪಟ್ಟೆ ಬಹುಮಟ್ಟಿಗೆ ಹೋಗುತ್ತದೆ. ಹಾಗೆಯೇ 4ಕೆ ವ್ಯಾಮೋಹ ಬೇಡ. ಹೆಚ್ಚಿನ ಗುಣಮಟ್ಟದಲ್ಲಿ ಹಿಡಿದರೆ ಒಂದು ನಿಮಿಷಕ್ಕೆ ಸುಮಾರು ಒಂದು ಜಿ.ಬಿ. ತಿನ್ನಬಹುದು, ಮನೆ ಬಳಕೆಗೆ 1080 ಧಾರಾಳ. ಬ್ಯಾಟರಿ ಆ ಮಟ್ಟದಲ್ಲಿ 166 ನಿಮಿಷ ಬರುತ್ತದೆಂದು ಕಂಪೆನಿಯ ಮಾತು. ನನ್ನ ಅನುಭವದಲ್ಲಿ ಎರಡು ಗಂಟೆಗೆ ಮೋಸವಿಲ್ಲ.

ಧ್ವನಿಯ ಮಾತು ಬಾಕಿಯಿದೆ. ಯಂತ್ರದ ಮೈಕು ಕುಕ್ಕರಿನ ಸೀಟಿ, ಮಿಕ್ಸಿಯ ಆರ್ಭಟ, ಬೀದಿಯ ಸೊಪ್ಪಿನವಳ ಕೂಗು ಎಲ್ಲವನ್ನೂ ಭೇದವಿಲ್ಲದೆ ಒಳಗೆ ಹಾಕಿಕೊಳ್ಳುತ್ತದೆ. ಹೆಚ್ಚು ದುಡ್ಡು ಕೊಟ್ಟ ಪೆಟ್ಟಿಗೆಯಲ್ಲಿ ಸೆರಗಿಗೆ ಸಿಕ್ಕಿಸುವ ಪುಟ್ಟ ವೈರಿಲ್ಲದ ಮೈಕು ಇರುತ್ತದೆ. ಅದನ್ನು ಅತ್ತೆಯ ಸೆರಗಿಗೆ ಪಿನ್ನಿನಂತೆ ಸಿಕ್ಕಿಸಿದ ಮೇಲೆ ಅವರ ಉಸಿರೂ ಕೇಳಿಸಿತು. ಕೊಳ್ಳುವುದಾದರೆ ಮೈಕಿರುವ ಪೆಟ್ಟಿಗೆಯನ್ನೇ ಕೊಳ್ಳಿ. ಇಲ್ಲದಿದ್ದರೆ ಚಿತ್ರದಲ್ಲಿ ಮಾತಾಡುವವರು ನಮ್ಮವರು, ಕೇಳಿಸುವುದು ಕುಕ್ಕರು.

ಅವರೆಕಾಯಿ ಕಾಲದಲ್ಲಿ ನಡೆದದ್ದನ್ನು ಹೇಳಬೇಕು. ಅತ್ತೆಗೆ ಸೋಬಾನೆ ಪದಗಳು ಬಹಳ ಬರುತ್ತವೆ. ನಮ್ಮ ಕುಣಿಗಲ್ ಕೆರೆಯ ಮೇಲಿನ ಪದ ಕರ್ನಾಟಕಕ್ಕೆಲ್ಲ ಗೊತ್ತು, ವೇದಿಕೆಯ ಮೇಲೆ ತಬಲ ಹಾರ್ಮೋನಿಯಂ ಕಟ್ಟಿಕೊಂಡು ಹಾಡುತ್ತಾರೆ. ಅತ್ತೆ ಅದನ್ನೇ ಅರ್ಧ ವೇಗದಲ್ಲಿ, ಪ್ರತಿ ಸಾಲಿನ ಕೊನೆಯನ್ನೂ ಎಳೆದು, ಯಾರನ್ನೋ ಸಮಾಧಾನ ಮಾಡುವವರಂತೆ ಹಾಡುತ್ತಾರೆ. ಒಂದು ಭಾನುವಾರ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕ್ಯಾಮರಾ ಎದುರಿಗಿಟ್ಟು, ಹಾಡಿ ಅತ್ತೆ ಎಂದೆ. ಎರಡು ಸಾಲು ಹೇಳಿ ನಿಲ್ಲಿಸಿದರು. “ಮರ್ತೋಯ್ತು ಕಣಮ್ಮಿ” ಎಂದು ಎದ್ದರು. ಮರುವಾರ ಅವರೆಕಾಳು ಹಿತುಕಲು ಕೂತಾಗ ಕ್ಯಾಮರಾವನ್ನು ಪಕ್ಕದ ಮಣೆಯ ಮೇಲೆ ಇಟ್ಟು, ಏನೂ ಹೇಳದೆ ನಾನೂ ಕಾಳು ಹಿತುಕುತ್ತ ಕೂತೆ. ಹತ್ತು ನಿಮಿಷ ಸುಮ್ಮನಿದ್ದವರು ತಾವಾಗಿಯೇ ಎತ್ತಿಕೊಂಡು ಇಪ್ಪತ್ತೈದು ನಿಮಿಷ ಹಾಡಿದರು. ಹೆಬ್ಬೆರಳು ಕಾಳನ್ನು ಒತ್ತಿದಾಗ ಬೇಳೆ ಪಕ್ಕನೆ ಪಾತ್ರೆಗೆ ಹಾರುವ ಸದ್ದೇ ತಾಳ. ಪದ ಅವರ ಬೆರಳಿನಲ್ಲಿತ್ತು. ಬೆರಳಿಗೆ ಕೆಲಸ ಬಂದಾಗ ಬಾಯಿಗೂ ಬಂತು. ಮುಖವನ್ನು ಹಿಂಬಾಲಿಸುವ ವಿದ್ಯೆ ಆ ದಿನ ಚಾಲೂ ಇದ್ದಿದ್ದರೆ ಕತ್ತು ತಿರುಗಿಸುವ ಓತಿಕ್ಯಾತವನ್ನು ನೋಡಿ ಅತ್ತೆ ಮತ್ತೆ ಮರೆಯುತ್ತಿದ್ದರು.

ಇಲ್ಲಿ ಎಚ್.ಎಲ್. ನಾಗೇಗೌಡರ ನೆನಪು ಮಾಡಿಕೊಳ್ಳದಿದ್ದರೆ ತಪ್ಪಾಗುತ್ತದೆ. ಐ.ಎ.ಎಸ್. ಅಧಿಕಾರಿಯಾಗಿದ್ದವರು ಊರೂರಿನ ಪದಗಳನ್ನು ಕೇಳಿ, ಬರೆದು, ಟೇಪಿಗೆ ತುಂಬಿ, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದರು. ನಾವು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೇವೆ. ಅಂದು ಒಂದು ಪದ ಹಿಡಿಯಬೇಕಾದರೆ ಯಂತ್ರ ಹೊತ್ತವರು ಹಳ್ಳಿಗೆ ಹೋಗಬೇಕಿತ್ತು, ಅಜ್ಜಿಯನ್ನು ಒಪ್ಪಿಸಬೇಕಿತ್ತು. ಇಂದು ಅಜ್ಜಿಯ ಸೊಸೆಯ ಬ್ಯಾಗಿನಲ್ಲೇ ಯಂತ್ರವಿದೆ. ಆದರೆ ಅವರು ಮಾಡಿದ ಒಂದು ಕೆಲಸ ನಾವು ಮಾಡುವುದಿಲ್ಲ. ಹಾಡಿದವರು ಯಾರು, ಯಾವ ಊರು, ಯಾವ ದಿನ ಎಂದು ಗುರುತು ಹಾಕುವುದು. ಯಂತ್ರ ತಾನೇ ಹಾಕುವ ಹೆಸರು ಬರೀ ಅಕ್ಷರ, ಅಂಕಿಗಳ ಸರಮಾಲೆ. ನಾನು ಈಗ ಪ್ರತಿ ಸಲ ಗುಂಡಿ ಒತ್ತಿದ ಕೂಡಲೆ ದಿನಾಂಕ, ಊರು, ಕೆಲಸ ಏನೆಂಬುದನ್ನು ಬಾಯಲ್ಲಿ ಒಮ್ಮೆ ಹೇಳುತ್ತೇನೆ. ಹಾಜರಿ ಕೂಗಿ ಅಭ್ಯಾಸವಾದವಳಿಗೆ ಅದೇನು ಕಷ್ಟವಲ್ಲ.

ಶಾಲೆಯಲ್ಲಿ ಇದರ ಉಪಯೋಗ ಸ್ವಲ್ಪವೇ. ಎಂಟನೆಯ ತರಗತಿಯ ಮಕ್ಕಳು ಪದ್ಯ ಓದುವುದನ್ನು ಪೋಷಕರ ಒಪ್ಪಿಗೆ ಪಡೆದು ಹಿಡಿದು, ಅವರಿಗೇ ತೋರಿಸಿದೆ. ಒಬ್ಬಳು ತನ್ನನ್ನು ತಾನು ನೋಡಿ, “ಮಿಸ್, ನಾನು ಬಸ್ ಹಿಡಿಯೋರ ಥರ ಓದ್ತೀನಿ” ಎಂದಳು. ಮರುದಿನ ನಿಧಾನವಾಗಿ ಓದಿದಳು. ನಾನು ಎರಡು ತಿಂಗಳು ಹೇಳಿದ್ದು ಅವಳಿಗೆ ಎರಡು ನಿಮಿಷದಲ್ಲಿ ತಿಳಿಯಿತು. ಆದರೆ ವಾರ್ಷಿಕೋತ್ಸವಕ್ಕೆ ಇದು ಪ್ರಯೋಜನವಿಲ್ಲ. ದೂರದ್ದನ್ನು ಹತ್ತಿರ ತರುವ ನಿಜವಾದ ಜೂಮು ಇದರಲ್ಲಿಲ್ಲ, ಇರುವ ಚಿತ್ರವನ್ನೇ ಹಿಗ್ಗಿಸುತ್ತದೆ ಅಷ್ಟೆ. ಹಿಂದಿನ ಸಾಲಿನಿಂದ ಹಿಡಿದರೆ ವೇದಿಕೆಯ ಮಕ್ಕಳೆಲ್ಲ ಇರುವೆ ಸಾಲು.

ಈಗ ಬೇಸರದ ಭಾಗ. ಮೊದಲ ದಿನ ಅತ್ತೆ ಕೇಳಿದ್ದರು: “ಯಾರ್ಗಮ್ಮಿ ತೋರ್ಸಕೆ?” ನಮಗೇ ಅತ್ತೆ, ಮನೇಲಿ ಇಟ್ಕೊಳ್ಳೋಕೆ ಎಂದಿದ್ದೆ. “ಹಂಗಾದ್ರೆ ಹಿಡಿ” ಎಂದಿದ್ದರು. ಮುದ್ದೆಯ ಚಿತ್ರ ಚೆನ್ನಾಗಿ ಬಂದ ಸಂಭ್ರಮದಲ್ಲಿ ನಮ್ಮ ಮನೆಯವರು ಅದರ ಎರಡು ನಿಮಿಷವನ್ನು ನೆಂಟರ ವಾಟ್ಸಪ್ ಗುಂಪಿಗೆ ಹಾಕಿದರು. ಅಲ್ಲಿಂದ ನೆಂಟರ ಹುಡುಗನೊಬ್ಬ ಅದನ್ನು ಎತ್ತಿಕೊಂಡು, ಹಳ್ಳಿ ಅಜ್ಜಿಯ ಮುದ್ದೆ ಎಂದು ಹೆಸರಿಟ್ಟು, ಕೊಳಲು ನುಡಿಸಿ, ಯೂಟ್ಯೂಬಿಗೆ ಏರಿಸಿದ. ನಾಲ್ಕು ದಿನದ ಮೇಲೆ ಹಾಲು ತರಲು ಹೋದಾಗ ಅಂಗಡಿಯವರು, ನಿಮ್ಮತ್ತೆ ಫೇಮಸ್ ಆಗ್ಬಿಟ್ರಲ್ಲ ಮೇಡಂ ಎಂದರು. ಹುಡುಗನಿಗೆ ಫೋನು ಮಾಡಿ ತೆಗೆಸಿದ್ದಾಯಿತು. ಅತ್ತೆ ಜಗಳವಾಡಲಿಲ್ಲ. “ರವಿಕೆ ತೋಳು ಹರ್ದಿತ್ತಲ್ಲಮ್ಮಿ” ಎಂದರು ಅಷ್ಟೆ.

ಆಮೇಲಿನ ಮೂರು ವಾರ ಅವರು ಅಡುಗೆ ಮನೆಗೆ ಬಂದದ್ದು ಮದುವೆ ಮನೆಗೆ ಉಡುವ ಸೀರೆಯಲ್ಲಿ. ಕ್ಯಾಮರಾ ಬ್ಯಾಗಿನಲ್ಲೇ ಇದ್ದರೂ ಅಷ್ಟೆ. ಸೆರಗು ಮೈತುಂಬ ಹೊದ್ದು, ಮಾತು ಕಡಿಮೆ ಮಾಡಿ, ಬೈಗುಳ ಪೂರ್ತಿ ನಿಲ್ಲಿಸಿ, ಯಾರೋ ನೋಡುತ್ತಿದ್ದಾರೆಂಬಂತೆ ಕೆಲಸ ಮಾಡಿದರು. ಯಾವ ದಿನನಿತ್ಯವನ್ನು ಹಿಡಿಯಬೇಕೆಂದು ಇದನ್ನು ತಂದೆವೋ ಆ ದಿನನಿತ್ಯವೇ ನಮ್ಮ ಮನೆಯಿಂದ ಮೂರು ವಾರ ಹೊರಟುಹೋಗಿತ್ತು. ಹಳೆಯ ದೊಡ್ಡ ಕ್ಯಾಮರಾ ದೀಪ ಹಾಕಿಕೊಂಡು, ವೈರು ಎಳೆದುಕೊಂಡು, ನಾನು ಬಂದೆ ಎಂದು ಸಾರಿ ಬರುತ್ತಿತ್ತು. ಸೆರಗು ಸರಿಮಾಡಿಕೊಳ್ಳಲು ಹೊತ್ತು ಸಿಗುತ್ತಿತ್ತು. ಇದು ಕನ್ನಡಕದ ಪೆಟ್ಟಿಗೆಯಷ್ಟು ಸದ್ದಿಲ್ಲದೆ ಬರುತ್ತದೆ. ಅದೇ ಇದರ ದೊಡ್ಡ ಗುಣ, ನಾವು ಹೆದರಬೇಕಾದದ್ದೂ ಅದಕ್ಕೇ. ಅರಿಶಿಣದ ಶಾಸ್ತ್ರಕ್ಕೋ ಬಾಣಂತಿ ಕೋಣೆಗೋ ಇದನ್ನು ಒಯ್ಯುವವರು ಬಾಗಿಲಲ್ಲೇ ಕೈಯೆತ್ತಿ ತೋರಿಸಿ ಒಳಗೆ ಹೋಗಬೇಕೆಂದು ನಾನಂತೂ ಹಟ ಹಿಡಿಯುತ್ತೇನೆ. ಈಗ ನಮ್ಮ ಮನೆಯ ನಿಯಮ, ಅತ್ತೆಯ ಚಿತ್ರ ಮೊದಲು ಅತ್ತೆ ನೋಡಬೇಕು. ಎರಡಿಂಚಿನ ಪರದೆ ಅವರಿಗಿರಲಿ, ಕನ್ನಡಕ ಹಾಕಿದ ನನಗೇ ಸಾಲದು, ಟಿ.ವಿ.ಗೆ ಹಾಕಿ ತೋರಿಸುತ್ತೇನೆ. ಇದುವರೆಗೆ ಎರಡನ್ನು ಅಳಿಸಲು ಹೇಳಿದ್ದಾರೆ. ಒಂದರಲ್ಲಿ ಅವರು ನಾದಿನಿಯ ಬಗ್ಗೆ ಏನೋ ಅಂದಿದ್ದರು, ಬಹಳ ರಸವತ್ತಾಗಿತ್ತು. ಅಳಿಸಿದೆ.

ಫೋನು ಸಾಲದೆ ಎಂಬ ಪ್ರಶ್ನೆಗೆ ಬರೋಣ. ಇದನ್ನು ಜಗತ್ತು ಒಮ್ಮೆ ಕೇಳಿ ಉತ್ತರವನ್ನೂ ಕೊಟ್ಟಾಗಿತ್ತು. ಅಮೆರಿಕದಲ್ಲಿ ಫ್ಲಿಪ್ ಎಂಬ ಜೇಬು ಕ್ಯಾಮರಾ ಬಂದು 2007ರಿಂದ ಮೂರ್ನಾಲ್ಕು ವರ್ಷ ಮನೆಮನೆಗೂ ಹೋಯಿತು. ಮಧ್ಯದಲ್ಲಿ ಒಂದು ದೊಡ್ಡ ಕೆಂಪು ಗುಂಡಿ, ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಸಿಸ್ಕೋ ಎಂಬ ಕಂಪೆನಿ 2009ರಲ್ಲಿ ಅದನ್ನು ಸುಮಾರು 59 ಕೋಟಿ ಡಾಲರಿಗೆ ಕೊಂಡು, 2011ರ ಏಪ್ರಿಲಿನಲ್ಲಿ ಬಾಗಿಲು ಹಾಕುತ್ತೇವೆಂದು ಹೇಳಿತು. ಅಷ್ಟರಲ್ಲಿ ಫೋನುಗಳೇ ವಿಡಿಯೋ ಹಿಡಿಯತೊಡಗಿದ್ದವು. ಆ ಸರಳತೆ ಇಂದಿನ ಓತಿಕ್ಯಾತದಲ್ಲಿ ಅರ್ಧ ಮಾತ್ರ ಉಳಿದಿದೆ. ಪರದೆಯನ್ನು ಅಡ್ಡ ತಿರುಗಿಸಿದರೆ ಸಾಕು ಎದ್ದು ಕೂರುತ್ತದೆ, ಅದು ಚೆನ್ನ. ಆದರೆ ಮೊದಲು ಫೋನಿನ ಆ್ಯಪಿಗೆ ಜೋಡಿಸಿ ಚಾಲನೆ ಕೊಡಬೇಕು. ಮೆಮೊರಿ ಕಾರ್ಡನ್ನು ಬೇರೆ ಕೊಳ್ಳಬೇಕು. ನೀರು ತಾಗಬಾರದು, ಆ ಕತ್ತಿಗೆ ಧೂಳು ಸೇರಬಾರದು. ಒಗ್ಗರಣೆ ಸಿಡಿಯುವಷ್ಟು ಹತ್ತಿರ ಇಡಲೇಬೇಡಿ.

ಹೀಗಿದ್ದೂ ನಾನು ಫೋನಿನ ಪಕ್ಷ ವಹಿಸದೆ ಇದರ ಪಕ್ಷ ವಹಿಸುವುದು ಬೇರೆ ಕಾರಣಕ್ಕೆ. ನನ್ನ ಫೋನು ನನ್ನದಲ್ಲ. ಹಿತುಕಿದ ಬೇಳೆಯ ಪದ ಅರ್ಧದಲ್ಲಿರುವಾಗ ಅದಕ್ಕೆ ಬಿ.ಇ.ಓ. ಕಚೇರಿಯ ಸುತ್ತೋಲೆ ಬರುತ್ತದೆ, ಗ್ಯಾಸಿನವರು ಮಾಡುತ್ತಾರೆ, ಸಾಲ ಬೇಕೆ ಎಂದು ಯಾರೋ ಕೇಳುತ್ತಾರೆ. ಮೊಮ್ಮಗು ಬಂದರೆ ಗೊಂಬೆ ಚಿತ್ರಕ್ಕೆ ಅದನ್ನೇ ಕಿತ್ತುಕೊಳ್ಳುತ್ತದೆ. ತುಂಬಿಹೋಯಿತೆಂದು ಅದೇ ಕಿರಿಚಿದಾಗ ಗುಡ್ ಮಾರ್ನಿಂಗ್ ಹೂಗಳ ಜೊತೆ ನಮ್ಮವರೂ ಅಳಿಸಿಹೋಗುತ್ತಾರೆ. ಈ ಕ್ಯಾಮರಾಕ್ಕೆ ಯಾರೂ ಫೋನು ಮಾಡುವುದಿಲ್ಲ. ಇಪ್ಪತ್ತೈದು ನಿಮಿಷ ಒಂದೇ ಕೆಲಸ ಮಾಡಲು ಬಿಟ್ಟ ವಸ್ತು ನಮ್ಮ ಮನೆಯಲ್ಲಿ ಇದೊಂದೇ. ಅದನ್ನು ಹಿಡಿದುಕೊಂಡಷ್ಟು ಹೊತ್ತು ನನ್ನನ್ನೂ ಯಾರೂ ಕರೆಯುವುದಿಲ್ಲ.

ಹಾಗಾದರೆ ಕೊಳ್ಳಬೇಕೆ? ಮೊಮ್ಮಕ್ಕಳ ಆಟವನ್ನು ಅಂದಂದೇ ಊರಿಗೆಲ್ಲ ಕಳಿಸುವುದಷ್ಟೇ ನಿಮ್ಮ ಆಸೆಯಾದರೆ ಖಂಡಿತ ಬೇಡ, ಫೋನು ಸಾಕು. ಮದುವೆ ಮುಂಜಿಗೂ ಬೇಡ. ಮನೆಯಲ್ಲಿ ಹಿರಿಯರಿದ್ದು, ಅವರ ಪಕ್ಕದಲ್ಲಿ ಕಾಳು ಹಿತುಕುತ್ತ ಕೂರುವ ವ್ಯವಧಾನ ನಿಮಗಿದ್ದರೆ ಮಾತ್ರ ಯೋಚಿಸಿ. ಆಗಲೂ ಒಬ್ಬರೇ ಕೊಳ್ಳಬೇಡಿ. ವರ್ಷದಲ್ಲಿ ಮುನ್ನೂರು ದಿನ ಅದು ಬ್ಯಾಗಿನಲ್ಲೇ ಇರುತ್ತದೆ. ಮೊದಲೆಲ್ಲ ನಮ್ಮ ಬೀದಿಗೊಂದೇ ಶಾವಿಗೆ ಒರಳು ಇರುತ್ತಿತ್ತು, ಮನೆಯಿಂದ ಮನೆಗೆ ಹೋಗಿ ಬರುತ್ತಿತ್ತು. ನಾಲ್ಕು ಮನೆಯವರು ಸೇರಿ ಕೊಂಡರೆ ಹೊರೆಯೂ ಆಗುವುದಿಲ್ಲ. ತೆಗೆದದ್ದನ್ನು ಎರಡು ಕಡೆ ನಕಲು ಮಾಡಿಡಿ, ಒಂದು ನಕಲು ಬೇರೆ ಊರಿನ ಮಕ್ಕಳ ಮನೆಯಲ್ಲಿರಲಿ. ಕಾರ್ಡಿನಲ್ಲೇ ಬಿಟ್ಟರೆ ಬೂಷ್ಟು ಬಂದ ಕ್ಯಾಸೆಟ್ಟಿನ ಗತಿಯೇ.

ನಮ್ಮದು ಹೋದ ವಾರದಿಂದ ಎದುರು ಮನೆಯಲ್ಲಿದೆ. ಅವರ ತಾಯಿ ಕೌದಿ ಹೊಲಿಯುತ್ತಾರೆ. ಮೈಕಿನ ಪಿನ್ನನ್ನೂ ಕೊಟ್ಟಿದ್ದೇನೆ, ಮುಖ ಹಿಂಬಾಲಿಸುವುದನ್ನು ಆರಿಸಿ ಕೊಟ್ಟಿದ್ದೇನೆ. ಹಿಡಿಯುವ ಮುಂಚೆ ಅಜ್ಜಿಯನ್ನು ಕೇಳಿ ಎಂದು ಅವರ ಸೊಸೆಗೆ ಹೇಳಿದಾಗ, ಕೇಳಿದೆ ಮಿಸ್, ಒಳ್ಳೆ ಸೀರೆ ಉಟ್ಕೋಬೇಕಾ ಅಂತಿದ್ದಾರೆ ಎಂದಳು. ಬೇಡ ಅನ್ನು ಎಂದೆ.